ಬರಫ್ ಪೆಟ್ಟಿಗ್ಯಾಗ ಬಂದ ಲಿವರ್ ಎಷ್ಟು ತಾಸು ತಡೀತದ? ಕಸಿ ಆದ ಮ್ಯಾಲ ಮನುಷ್ಯ ಎಷ್ಟು ವರ್ಷ?

ಆಳಂದದ ಅಕ್ಕ
ಎಲ್ಲಾರಿಗೂ ಶರಣು. ನಮ್ಮ ಅಣ್ಣನ ಸಲುವಾಗಿ ಕೇಳಕತ್ತೀನಿ. ಹೆಪಟೈಟಿಸ್ ಬಿ ಇತ್ತು, ಅದು ಗೊತ್ತಾಗೋದ್ರೊಳಗ ಸಿರೋಸಿಸ್‌ಗೆ, ಅಂದ್ರ ಲಿವರ್ ಗಟ್ಟಿಯಾಗಿ ಕೆಡೋ ಹಂತಕ್ಕ ಬಂದದ. ಹೊಟ್ಟ್ಯಾಗ ನೀರು ತುಂಬ್ತದ, ತೆಗಿಸ್ಕೊಂಡು ಬರ್ತೀವಿ, ಮತ್ತ ತುಂಬ್ತದ. ಹೈದರಾಬಾದಿನ ಒಂದು ದವಾಖಾನ್ಯಾಗ ಕಸಿಗೆ ಹೆಸರು ಬರಸೀವಿ. ಮನ್ಯಾಗ ಕೊಡ್ಲಿಕ್ಕೆ ಮುಂದ ಬಂದವರದ್ದು ಕೂಡಿಬರ್ಲಿಲ್ಲ. ಅತ್ತಿಗಿ ರಕ್ತದ ಗುಂಪು ಬ್ಯಾರೆ, ನನ್ನ ಲಿವರ್‌ದಾಗ ಕೊಬ್ಬು ಹೆಚ್ಚದ ಅಂತ ಬ್ಯಾಡಂದ್ರು. ಹಿಂಗಾಗಿ ಬ್ರೈನ್ ಡೆಡ್ ಆದವರ ಲಿವರ್ ಬರೋದೇ ದಾರಿ ಉಳದದ.

ಈಗ ಮನ್ಯಾಗ ವಾದ ಹತ್ಯದ. ಕೋಆರ್ಡಿನೇಟರ್ ಮೇಡಂ ಹೇಳಿದ್ದು: ದೂರದ ಊರಿಂದ ಲಿವರ್ ಬಂದ್ರ ಬರಫ್ ಪೆಟ್ಟಿಗ್ಯಾಗ ಬರ್ತದ, ಬೇಕಾದ್ರ ಮಷೀನ್ ಮ್ಯಾಲ ಇಡಬಹುದು, ಅದರ ಖರ್ಚು ಬ್ಯಾರೆ. ಕಾಕಾ ಅಂತಾರ, “ಫ್ರಿಜ್‌ನಾಗ ಇಟ್ಟ ಕಾಯಿಪಲ್ಯಾನೇ ಬಾಡ್ತದ, ತಾಸುಗಟ್ಟಲೆ ಬರಫ್‌ನಾಗಿಟ್ಟ ಲಿವರ್ ಹಾಕಿಸ್ಕೊಂಡು ಇವ ಎಷ್ಟು ದಿನ ಬದುಕ್ಯಾನು?” ಅಣ್ಣ ಇದನ್ನ ಕೇಳಿ ಕೇಳಿ ಕಸಿನೇ ಬ್ಯಾಡ ಅನ್ಲಿಕತ್ತಾನ.

ಬರಫ್‌ನಾಗ ಎಷ್ಟು ತಾಸು ಇಟ್ರ ನಡೀತದ? ಮಷೀನ್ ಖರೇನೇ ಉಪಯೋಗ ಅದನಾ? ಐದು ವರ್ಷ, ಹತ್ತು ವರ್ಷ ಆದ ಮ್ಯಾಲ ಮಂದಿ ಹೆಂಗ ಇದ್ದಾರ? ಗೊತ್ತಿದ್ದವರು ಹೇಳ್ರಿ. ಮಾಡಿಸ್ಕೊಂಡವರು ಯಾರಾದ್ರೂ ಇದ್ರ ಅವರ ಮಾತು ಮೊದಲು ಬೇಕು.

ಚಿಂಚೋಳಿ ಹುಡುಗ
ಅಕ್ಕಾ, 24 ತಾಸು ಆರಾಮ ಇಡಬಹುದು ಅಂತ ಎಲ್ಲೋ ಓದೀನಿ. ಚಿಂತಿ ಮಾಡಬ್ಯಾಡ್ರಿ.

ಬೀದರ ಸಿಸ್ಟರ್
ತಮ್ಮಾ, 24 ತಾಸಿನ ಲೆಕ್ಕ ಕಿಡ್ನಿದು. ಲಿವರ್‌ಗೆ ಹಚ್ಚಬ್ಯಾಡ. ಹೃದಯ ಬರಫ್‌ನಾಗ 4 ತಾಸು, ಭಾಳ ಅಂದ್ರ 6. ಲಿವರ್ 12 ತಾಸಿನ ತನಕ ತಡೀತದ, ಆದ್ರ ಸರ್ಜನ್ನರು 8 ತಾಸಿನೊಳಗ ಮುಗಿಸಬೇಕಂತ ಓಡ್ತಾರ. ದಾನಿಗೆ ವಯಸ್ಸಾಗಿದ್ರ, ಲಿವರ್‌ದಾಗ ಕೊಬ್ಬಿದ್ರ, ಆ ತಾಸು ಇನ್ನೂ ಕಮ್ಮಿ.

ನಾನು ಬೀದರಿನಕಿ. ಬೆಂಗಳೂರಿನಾಗ ಕಸಿ ಮಾಡೋ ಆಪರೇಷನ್ ಥಿಯೇಟರ್‌ದಾಗ ಭಾಳ ವರ್ಷ ಕೆಲಸ ಮಾಡೀನಿ. ಕಾಕಾ ಅವರಿಗೆ ಹೇಳ್ರಿ, ಬರಫ್‌ನಾಗ ಇಡೋದು ಅಂದ್ರ ಲಿವರ್ ತಂದು ಬರಫ್ ಮ್ಯಾಲ ಒಗಿಯೋದಲ್ಲ. ದಾನಿಯ ಹೊಟ್ಟಿ ತೆಗೆದ ಮ್ಯಾಲ ದೊಡ್ಡ ರಕ್ತನಾಳಕ್ಕ ನಳಿಗಿ ಹಾಕಿ, ರಕ್ತ ನಿಲ್ಲಿಸೋ ಕ್ಲ್ಯಾಂಪ್ ಹಾಕಿದ ಕ್ಷಣಕ್ಕ 4 ಡಿಗ್ರಿ ತಣ್ಣನ ದ್ರಾವಣ ಒಳಗ ಬಿಡ್ತಾರ. ಆ ಕ್ಷಣದ ಟೈಮನ್ನ ಗೋಡಿ ಗಡಿಯಾರ ನೋಡಿ ಜೋರಾಗಿ ಕೂಗಿ ಹೇಳ್ತಾರ, ನಾವು ಬರ್ಕೋತೀವಿ. ತಾಸಿನ ಲೆಕ್ಕ ಅಲ್ಲಿಂದ ಸುರು. ಕಡುಗೆಂಪು ಲಿವರ್ ಒಳಗಿನ ರಕ್ತ ಎಲ್ಲಾ ತೊಳೆದು ಹೋಗಿ ನೋಡ್ತ ನೋಡ್ತ ಬೂದು ಬಣ್ಣಕ್ಕ ಬರ್ತದ. ಪಿತ್ತದ ನಾಳಾನೂ ತೊಳೀಬೇಕು, ಪಿತ್ತ ಒಳಗ ಕೂತ್ರ ನಾಳದ ಒಳಗಿನ ಪದರ ಸುಡ್ತದ. ಆಮ್ಯಾಲ ಮೂರು ಚೀಲ. ಮೊದಲನೇ ಚೀಲದಾಗ ದ್ರಾವಣ, ಅದರಾಗ ಲಿವರ್ ಮುಳುಗಿರಬೇಕು, ಗಾಳಿ ಇರಬಾರದು. ಎರಡನೇದು, ಮೂರನೇದು ಅದರ ಹೊರಗ, ಒಂದೊಂದನ್ನೂ ಬಿಗಿಯಾಗಿ ಕಟ್ಟಬೇಕು. ಬರಫ್ ಇರೋದು ಎಲ್ಲದರ ಹೊರಗ, ಪೆಟ್ಟಿಗ್ಯಾಗ. ಬರಫ್ ನೇರ ಲಿವರ್‌ಗೆ ತಾಗಿ ಅದು ಹೆಪ್ಪುಗಟ್ಟಿದ್ರ ಜೀವಕೋಶ ಒಡೀತಾವ.

ಹಾಕಿದ ಮ್ಯಾಲ ಕ್ಲ್ಯಾಂಪ್ ಬಿಡ್ತಾರ ನೋಡ್ರಿ, ಆ ಬೂದು ಲಿವರ್ ಒಂದು ಅಂಚಿನಿಂದ ಕೆಂಪಾಗ್ತ ಬರ್ತದ. ಎಷ್ಟು ಸಲ ನೋಡಿದ್ರೂ ನನ್ನ ಕಣ್ಣು ತುಂಬ್ತಿತ್ತು. ಸ್ವಲ್ಪ ಹೊತ್ತಿಗೆ ನಾಳದಿಂದ ಬಂಗಾರ ಬಣ್ಣದ ಪಿತ್ತ ಇಳಿದ್ರ ಥಿಯೇಟರ್‌ದಾಗ ಇದ್ದವರೆಲ್ಲಾ ಉಸಿರು ಬಿಡ್ತಾರ.

ತೊಗರಿ ಕಣಜ
ಸಿಸ್ಟರ್ ಹೇಳಿದ್ದು ಸರಿ. ಆದ್ರ ಮಷೀನ್ ಅನ್ನೋದು ಬಿಲ್ ಬೆಳೆಸೋ ದಾರಿ ಅಂತ ನನ್ನ ಖಾತ್ರಿ. ಇಷ್ಟು ವರ್ಷ ಬರಫ್ ಪೆಟ್ಟಿಗ್ಯಾಗೇ ಸಾವಿರಾರು ಕಸಿ ಆಗ್ಯಾವ. ಹಳ್ಳಿ ಮಂದಿ ಹೊಲ ಮಾರಿ ಬಂದಾರ ಅಂತ ಗೊತ್ತಾದ್ರ ಇನ್ನೊಂದು ಸಾಮಾನು ಸೇರಿಸ್ತಾರ. ನಮ್ಮ ಮಾಮಾನ ಹೃದಯದ ಆಪರೇಷನ್‌ದಾಗ ಇದನ್ನ ಕಣ್ಣಾರೆ ಕಂಡೀನಿ.

ಸೇಡಂ ರಸ್ತೆ
ನಾನು ಇಲ್ಲೇ ಕಲಬುರಗಿಯಲ್ಲಿ ಎಂಬಿಬಿಎಸ್ ಓದ್ತಿದ್ದೀನಿ. ಬಿಲ್ ವಿಷಯದಲ್ಲಿ ತೊಗರಿ ಕಣಜ ಅಣ್ಣನ ಸಿಟ್ಟು ನ್ಯಾಯದ್ದು. ಆದರೆ ಮಷೀನ್ ಸುಮ್ಮನೆ ಹುಟ್ಟಿಲ್ಲ.

1963ರಲ್ಲಿ ಡೆನ್ವರ್‌ನಲ್ಲಿ ಥಾಮಸ್ ಸ್ಟಾರ್ಜ್ಲ್ ಮೊದಲ ಲಿವರ್ ಕಸಿ ಮಾಡಿದಾಗ ರೋಗಿ ಉಳಿಯಲಿಲ್ಲ. ಒಂದು ವರ್ಷ ದಾಟಿ ಬದುಕಿದ ಮೊದಲ ರೋಗಿ ಸಿಕ್ಕಿದ್ದು 1967ರಲ್ಲಿ. ಆಗಿನ ದ್ರಾವಣಗಳಲ್ಲಿ ಲಿವರ್ ಏಳೆಂಟು ತಾಸಿಗಿಂತ ಹೆಚ್ಚು ತಡೀತಿರಲಿಲ್ಲ, ಹಾಗಾಗಿ ಎಲ್ಲ ಆಪರೇಷನ್ ನಡುರಾತ್ರಿ, ಗಡಿಬಿಡಿಯಲ್ಲಿ. 1980ರ ದಶಕದಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಬೆಲ್ಜರ್ ಮತ್ತು ಸೌತಾರ್ಡ್ ಹೊಸ ದ್ರಾವಣ ಕಂಡುಹಿಡಿದರು. ಅದರಿಂದಲೇ ಲಿವರ್ ಒಂದು ಊರಿಂದ ಇನ್ನೊಂದು ಊರಿಗೆ ಹೋಗುವಷ್ಟು ಸಮಯ ಸಿಕ್ಕಿತು. ಯುಡಬ್ಲ್ಯು ದ್ರಾವಣ ಅಂತಾರಲ್ಲ, ಅದೇ. ಅದರಲ್ಲಿ ಪೊಟ್ಯಾಸಿಯಂ ಬಹಳ. ಅದಕ್ಕೇ ರಕ್ತ ಬಿಡುವ ಮುಂಚೆ ತೊಳೆದು ತೆಗೀತಾರೆ, ಇಲ್ಲದಿದ್ದರೆ ಹೃದಯವೇ ನಿಲ್ಲಬಹುದು.

ತಣ್ಣಗೆ ಮಾಡಿದರೆ ಲಿವರ್‌ನ ಕೆಲಸ ನಿಲ್ಲೋದಿಲ್ಲ, ನಿಧಾನ ಆಗುತ್ತೆ ಅಷ್ಟೇ. 4 ಡಿಗ್ರಿಯಲ್ಲೂ ಸುಮಾರು ಹತ್ತನೇ ಒಂದು ಪಾಲು ಚಟುವಟಿಕೆ ನಡೆದಿರುತ್ತೆ, ಆಮ್ಲಜನಕ ಮಾತ್ರ ಸಿಗಲ್ಲ. ಕೋಶಗಳ ಶಕ್ತಿ ಖಾಲಿಯಾಗ್ತಾ ಹೋಗುತ್ತೆ, ಸಕ್ಸಿನೇಟ್ ಅನ್ನೋ ವಸ್ತು ಕೂಡಿ ಬೀಳುತ್ತೆ. ಆಮೇಲೆ ಬಿಸಿ ರಕ್ತ ಒಮ್ಮೆಲೇ ನುಗ್ಗಿದಾಗ ಇದೇ ವಸ್ತು ವಿಷಕಾರಿ ಆಮ್ಲಜನಕದ ಕಣಗಳನ್ನು ಹುಟ್ಟಿಸಿ ಒಳಗಿಂದ ಗಾಯ ಮಾಡುತ್ತೆ. ಹೆಚ್ಚಿನ ಹಾನಿ ಆಗೋದು ಪೆಟ್ಟಿಗೆಯೊಳಗೆ ಅಲ್ಲ, ರಕ್ತ ವಾಪಸ್ ಬಿಟ್ಟಾಗ. ಮಷೀನ್ ತಡೆಯೋಕೆ ನೋಡೋದು ಇದನ್ನೇ.

ತೊಗರಿ ಕಣಜ
ಅಷ್ಟೆಲ್ಲಾ ಸರಿ. ಮಷೀನ್ ಹಚ್ಚಿದವರು ಹೆಚ್ಚು ವರ್ಷ ಬದುಕ್ಯಾರ? ಒಂದೇ ಮಾತಿನಾಗ ಹೇಳು.

ಸೇಡಂ ರಸ್ತೆ
ಒಂದೇ ಮಾತಲ್ಲಿ ಹೇಳಿದರೆ ತಪ್ಪು ಅರ್ಥ ಹೋಗುತ್ತೆ, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ.

ಮಷೀನ್ ಎರಡು ಥರ. ಒಂದು ಬೆಚ್ಚಗಿನದು. 37 ಡಿಗ್ರಿಯಲ್ಲಿ ರಕ್ತ, ಆಮ್ಲಜನಕ, ಪೋಷಕಾಂಶ ಕೊಟ್ಟು ಲಿವರ್ ದೇಹದ ಒಳಗಿರುವ ಹಾಗೇ ಕೆಲಸ ಮಾಡಿಸೋದು. ಇದು ಆಕ್ಸ್‌ಫರ್ಡ್‌ನಲ್ಲಿ ಬೆಳೆದದ್ದು, ಮನುಷ್ಯರಿಗೆ ಮೊದಲು ಬಳಸಿದ್ದು 2013ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯಲ್ಲಿ. 2018ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ದೊಡ್ಡ ಪರೀಕ್ಷೆಯ ಫಲಿತಾಂಶ ಬಂತು. ಬರಫ್ ಪೆಟ್ಟಿಗೆಗೆ ಹೋಲಿಸಿದರೆ ಲಿವರ್‌ಗಾದ ಗಾಯ ಅರ್ಧಕ್ಕರ್ಧ ಕಡಿಮೆ, ಬೇಡ ಅಂತ ಬಿಟ್ಟುಬಿಟ್ಟ ಲಿವರ್‌ಗಳ ಸಂಖ್ಯೆಯೂ ಅರ್ಧ. ಅದೂ ಶೇ. 54ರಷ್ಟು ಹೆಚ್ಚು ಹೊತ್ತು ಇಟ್ಟ ಮೇಲೆ. ಆದರೆ ಒಂದು ವರ್ಷದ ಕೊನೆಗೆ ಬದುಕಿದ್ದವರ ಲೆಕ್ಕದಲ್ಲಿ ಎರಡೂ ಗುಂಪಿಗೆ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ತೊಗರಿ ಕಣಜ ಅಣ್ಣನ ಪ್ರಶ್ನೆಗೆ ನೇರ ಉತ್ತರ ಇದು.

ಎರಡನೇದು ತಣ್ಣನೆಯದು. ಬರಫ್ ಪೆಟ್ಟಿಗೆಯಲ್ಲೇ ತಂದು, ಹಾಕುವ ಮುಂಚೆ ಒಂದೆರಡು ತಾಸು 10 ಡಿಗ್ರಿ ಆಸುಪಾಸಿನ ಆಮ್ಲಜನಕ ತುಂಬಿದ ದ್ರಾವಣ ಹಾಯಿಸೋದು. ರಕ್ತ ಬಿಡುವ ಮುಂಚೆಯೇ ಕೋಶಗಳಿಗೆ ಶಕ್ತಿ ಬರುತ್ತೆ, ಕೂಡಿಬಿದ್ದ ಸಕ್ಸಿನೇಟ್ ಕರಗುತ್ತೆ. 2021ರಲ್ಲಿ ನೆದರ್ಲೆಂಡ್ಸ್ ತಂಡ ಮುಂದಾಗಿ ನಡೆಸಿದ ಪರೀಕ್ಷೆಯಲ್ಲಿ ಪಿತ್ತನಾಳ ಕುಗ್ಗುವ ತೊಂದರೆ ಶೇ. 18ರಿಂದ 6ಕ್ಕೆ ಇಳಿಯಿತು. ಈ ತೊಂದರೆ ಬಂದರೆ ವರ್ಷಗಟ್ಟಲೆ ಕಾಮಣಿ, ಜ್ವರ, ಸ್ಟೆಂಟ್, ಕೊನೆಗೆ ಇನ್ನೊಂದು ಕಸಿ. ಆದರೆ ಅದು ಹೃದಯ ನಿಂತ ಮೇಲೆ ತೆಗೆದ ಲಿವರ್‌ಗಳ ಮೇಲೆ ಮಾಡಿದ ಪರೀಕ್ಷೆ. ನಮ್ಮ ದೇಶದಲ್ಲಿ ಬರುವುದು ಹೆಚ್ಚೂಕಡಿಮೆ ಎಲ್ಲ ಬ್ರೈನ್ ಡೆಡ್ ದಾನಿಗಳದ್ದು, ಅವುಗಳಲ್ಲಿ ಈ ಅಪಾಯ ಮೊದಲೇ ಕಡಿಮೆ.

ಹಾಗಾಗಿ ಒಳ್ಳೆ ಲಿವರ್, ಹತ್ತಿರದ ಊರು, ಏಳೆಂಟು ತಾಸಿನ ಒಳಗಿನ ಮಾತು ಅಂದರೆ ಬರಫ್ ಪೆಟ್ಟಿಗೆ ಸಾಕು ಅನ್ನೋದು ನನ್ನ ಅಭಿಪ್ರಾಯ. ಲಿವರ್‌ನಲ್ಲಿ ಕೊಬ್ಬಿದ್ದು ಸರ್ಜನ್‌ಗೆ ಅನುಮಾನ ಇದ್ದರೆ, ದಾರಿ ದೂರ ಇದ್ದರೆ ಮಷೀನ್‌ಗೆ ಬೆಲೆ ಇದೆ. ಬೆಚ್ಚಗಿನ ಮಷೀನ್ ಮೇಲೆ ಲ್ಯಾಕ್ಟೇಟ್ (ಲಿವರ್ ಕೆಲಸ ಮಾಡಿದರೆ ಕಡಿಮೆ ಆಗುವ ವಸ್ತು) ಇಳಿಯುತ್ತಾ, ಪಿತ್ತ ಬರುತ್ತಾ ಅಂತ ನೋಡಿ, ಇದು ನಡೆಯುತ್ತೆ ಅಂತ ಖಾತ್ರಿ ಮಾಡಿಕೊಂಡೇ ಹಾಕಬಹುದು.

ತೊಗರಿ ಕಣಜ
ಹಂಗಾದ್ರ ನಾನಂದಿದ್ದೇ ಆಯ್ತು. ಎಲ್ಲಾರಿಗೂ ಬೇಕಿಲ್ಲ.

ಬೀದರ ಸಿಸ್ಟರ್
ಎಲ್ಲಾರಿಗೂ ಬೇಕಿಲ್ಲ ಅನ್ನೋದು ಬ್ಯಾರೆ, ಬಿಲ್ ಬೆಳೆಸೋ ದಾರಿ ಅನ್ನೋದು ಬ್ಯಾರೆ. ಮಷೀನ್‌ಗೆ ಹಾಕೋ ಸೆಟ್ ಒಂದು ಸಲಕ್ಕಷ್ಟೇ, ಅದೇ ತುಟ್ಟಿ. ಅಕ್ಕಾ, ಕೋಆರ್ಡಿನೇಟರ್‌ಗೆ ಬಾಯಿ ಬಿಟ್ಟು ಕೇಳ್ರಿ: ಯಾವ ಥರದ ಮಷೀನ್, ಯಾವಾಗ ಹಚ್ತೀರಿ, ಹಚ್ಚಿದ ಮ್ಯಾಲ ಲಿವರ್ ಬ್ಯಾಡ ಅಂತ ಆದ್ರ ಆ ಖರ್ಚು ಯಾರ ಮ್ಯಾಲ? ಈ ಕಡೀದು ಯಾರೂ ಕೇಳಂಗಿಲ್ಲ, ಆಮ್ಯಾಲ ಜಗಳ ಆಗ್ತದ. ಬರವಣಿಗ್ಯಾಗ ತಗೋರಿ.

ಭೀಮಾತೀರ
ತಂಗೀ, ಮಾಡಿಸ್ಕೊಂಡವರ ಮಾತು ಬೇಕಂದೆಲ್ಲ. ನಾನು ಶಹಾಪುರ ಕಡಿಯವ. ಕಸಿ ಆಗಿ ಹತ್ತು ವರ್ಷದ ಮ್ಯಾಲಾಗ್ಯದ. ನನ್ನ ಲಿವರ್ ಬ್ಯಾರೆ ಊರಿಂದ ಬರಫ್ ಪೆಟ್ಟಿಗ್ಯಾಗೇ ಬಂದದ್ದು. ಹೊಲಕ್ಕ ಹೋಗ್ತೀನಿ, ರೊಟ್ಟಿ ಉಣ್ತೀನಿ, ಮಗಳ ಮದಿವಿ ಮಾಡೀನಿ. ನಿಮ್ಮ ಕಾಕಾಗ ನನ್ನ ಹೆಸರು ಹೇಳಿಲ್ಲಂದ್ರೂ ನನ್ನ ಸುದ್ದಿ ಹೇಳ್ರಿ.

ಪೆಟ್ಟಿಗಿ ಚಿಂತಿ ಹೆಚ್ಚಾಗಿ ಮೊದಲನೇ ವಾರದ್ದು. ಅದು ದಾಟಿತು ಅಂದ್ರ ಮುಂದಿನ ವರ್ಷಗಳು ಗುಳಿಗಿ ಮ್ಯಾಲ. ಮುಂಜಾನಿ 9, ರಾತ್ರಿ 9, ಟ್ಯಾಕ್ರೊಲಿಮಸ್, ದೇಹ ಹೊಸ ಲಿವರ್‌ನ ತಿರಸ್ಕರಿಸದಂಗ ತಡಿಯೋ ಗುಳಿಗಿ. ಜಾತ್ರಿ ಇರಲಿ, ಲಗ್ನ ಇರಲಿ, ಫೋನಿನಾಗ ಅಲಾರಂ ಹೊಡೀತದ, ನುಂಗ್ತೀನಿ. ರಕ್ತ ಪರೀಕ್ಷಾದ ದಿನ ಮಾತ್ರ ಮುಂಜಾನಿ ಗುಳಿಗಿ ತಗೊಳ್ಳದೇ ಹೋಗಿ, ರಕ್ತ ಕೊಟ್ಟ ಮ್ಯಾಲ ನುಂಗಬೇಕು. ಮೊದಲೇ ನುಂಗಿ ಹೋದ್ರ ಮಟ್ಟ ಹೆಚ್ಚು ತೋರಸ್ತದ, ಡಾಕ್ಟರ್ ಡೋಸ್ ಇಳಸ್ತಾರ, ಆಮ್ಯಾಲ ದೇಹ ಲಿವರ್‌ನ ತಿರಸ್ಕರಿಸ್ಲಿಕ್ಕೆ ಸುರು ಮಾಡ್ತದ. ನನ್ನ ಜೋಡಿ ಕಸಿ ಆದವರೊಬ್ಬರು “ಮೂರು ವರ್ಷ ಆಯ್ತು, ಆರಾಮ ಇದ್ದೀನಿ” ಅಂತ ಗುಳಿಗಿ ಬಿಟ್ರು. ಈಗ ಇಲ್ಲ.

ಇನ್ನೊಂದು. ಮೊಣಕಾಲು ನೋವು ಅಂತ ನಮ್ಮ ಕಡಿ ಒಬ್ಬ ಡಾಕ್ಟರ್ ಕಡಿ ಹೋದ್ರ ಕೇಳದೇ ನೋವಿನ ಔಷಧ ಡೈಕ್ಲೊಫೆನಾಕ್ ಚುಚ್ಚಿ ಕಳಿಸಿದ. ಟ್ಯಾಕ್ರೊಲಿಮಸ್ ಮೊದಲೇ ಕಿಡ್ನಿಗೆ ಭಾರ, ಅದರ ಮ್ಯಾಲ ಇದು. ಕಿಡ್ನಿ ಹೆಂಗದ ಅಂತ ತೋರಸೋ ಕ್ರಿಯಾಟಿನಿನ್ ಏರಿ ಮತ್ತ ಇಳೀಬೇಕಾದ್ರ ಭಾಳ ತ್ರಾಸ ಆಯ್ತು. ಅವತ್ತಿನಿಂದ ಯಾರೇ ಸೂಜಿ ಹಿಡಿದ್ರೂ, “ಲಿವರ್ ಕಸಿ ಆಗ್ಯದ, ಮೊದಲು ಹೈದರಾಬಾದಿನ ನನ್ನ ಕಸಿ ಡಾಕ್ಟರಿಗೆ ಫೋನ್ ಹಚ್ರಿ” ಅಂತೀನಿ.

ಆಳಂದದ ಅಕ್ಕ
ಅಣ್ಣಾರೇ, ನಿಮ್ಮ ಮಾತು ಅಣ್ಣನಿಗೆ ಓದಿ ಹೇಳ್ದೆ. ಎರಡು ಸಲ ಓದಿಸಿದ. ಕಾಕಾ ಸುಮ್ಮ ಕೂತಾರ. ನಿಮಗ ಶರಣು.

ಸುರಪುರ ಮಾಸ್ತರ
ಲೆಕ್ಕ ಬೇಕಾದವರಿಗೆ: ಕಸಿ ಚೆನ್ನಾಗಿ ನಡೆಯುವ ದೊಡ್ಡ ಕೇಂದ್ರಗಳಲ್ಲಿ ಒಂದು ವರ್ಷ ದಾಟುವವರು ನೂರಕ್ಕೆ 90ರ ಹತ್ತಿರ, ಐದು ವರ್ಷ ದಾಟುವವರು 75ರ ಆಸುಪಾಸು, ಹತ್ತು ವರ್ಷ ದಾಟುವವರು ಸುಮಾರು 60. ನೀರು ತುಂಬಿದ ಸಿರೋಸಿಸ್‌ನಲ್ಲಿ ಕಸಿ ಇಲ್ಲದೆ ಎರಡು ವರ್ಷ ದಾಟುವವರೇ ಅರ್ಧದಷ್ಟು. ಹೋಲಿಸಬೇಕಾದ್ದು ಈ ಎರಡನ್ನು. ಆರೋಗ್ಯವಂತನ ಆಯುಸ್ಸಿಗೆ ಹೋಲಿಸಿ ಹೆದರಿದರೆ ಪ್ರಯೋಜನವಿಲ್ಲ.

ಕಮಲಾಪುರ
ಇದೆಲ್ಲಾ ಕುಡಿಯೋರಿಗೆ ಬರೋ ರೋಗ. ಮೊದಲು ಕುಡಿಯೋದು ಬಿಡಬೇಕಿತ್ತು.

ಆಳಂದದ ಅಕ್ಕ
ನಮ್ಮ ಅಣ್ಣ ಜೀವನದಾಗ ಒಂದು ಹನಿ ಮುಟ್ಟಿಲ್ಲ. ಹೆಪಟೈಟಿಸ್ ಬಿ ಅಂತ ಮೊದಲ ಸಾಲಿನಾಗೇ ಬರದೀನಿ. ಓದಿ ಮಾತಾಡ್ರಿ.

ಭೀಮಾತೀರ
ಕುಡಿದು ಬಂದಿದ್ರೂ ಸುದ್ದಾ ಅವನೂ ಒಬ್ಬ ಮನುಷ್ಯಾನೇ. ಅವನ ಮನ್ಯಾಗೂ ಮಕ್ಕಳಿರ್ತಾರ.

ಗಂಗಾವತಿ ಬಸ್ಸು
ಕಾಮಣಿಗೆ ನಮ್ಮ ಕಡಿ ಒಬ್ಬರು ಬೇರಿನ ಔಷಧ ಕೊಡ್ತಾರ, ಮೂರು ಮುಂಜಾನಿ ಹಸದ ಹೊಟ್ಟ್ಯಾಗ. ಭಾಳ ಮಂದಿಗೆ ವಾಸಿ ಆಗ್ಯದ. ಅಮೃತಬಳ್ಳಿ ಕಷಾಯಾನೂ ಚೊಲೊ. ಆಪರೇಷನ್ ಮುಂಚೆ ಒಮ್ಮೆ ನೋಡ್ರಿ.

ಸೇಡಂ ರಸ್ತೆ
ದಯವಿಟ್ಟು ಬೇಡ. ಹೆಪಟೈಟಿಸ್ ಎ ಅಥವಾ ಇ ಕಾಮಣಿ ಹೆಚ್ಚಿನವರಲ್ಲಿ ತಾನಾಗಿಯೇ ವಾಸಿ ಆಗುತ್ತೆ, ಅದರ ಹೆಸರು ಬೇರಿಗೆ ಹೋಗುತ್ತೆ. ಅಮೃತಬಳ್ಳಿ ಬಗ್ಗೆ: ಕೋವಿಡ್ ಕಾಲದಲ್ಲಿ ಕಷಾಯ ಕುಡಿದು ಲಿವರ್ ಉರಿಯೂತಕ್ಕೆ ಬಂದ ರೋಗಿಗಳನ್ನು ನಮ್ಮ ದೇಶದ ವೈದ್ಯರೇ 2021ರಲ್ಲಿ ವರದಿ ಮಾಡಿದ್ದಾರೆ. ಅದು ರೋಗನಿರೋಧಕ ಶಕ್ತಿಯನ್ನು ಕೆಣಕುತ್ತೆ. ಕಸಿ ಆದವರಿಗೆ ಆ ಶಕ್ತಿಯನ್ನು ತಗ್ಗಿಸೋಕೇ ಗುಳಿಗೆ ಕೊಡ್ತಾರೆ, ಅಂಥವರಿಗೆ ಇದು ನೇರ ವಿರೋಧ.

ಭೀಮಾತೀರ
ಚಕ್ಕೋತ ಹಣ್ಣೂ ಬ್ಯಾಡ. ಟ್ಯಾಕ್ರೊಲಿಮಸ್ ರಕ್ತದಾಗ ಏರಿಬಿಡ್ತದ. ಕಾಯಿಸದ ಹಾಲು ಬ್ಯಾಡ. ಟಿಬಿ ಗುಳಿಗಿ ರಿಫಾಂಪಿಸಿನ್ ಕೊಟ್ರ ಉಲ್ಟಾ, ಮಟ್ಟ ಬಿದ್ದುಹೋಗ್ತದ. ನಮ್ಮ ಭಾಗದಾಗ ಟಿಬಿ ಭಾಳ, ಕೆಮ್ಮು ನಿಲ್ಲದಿದ್ರ ತಡ ಮಾಡಬಾರದು.

ಹುಮನಾಬಾದ್ ನಾಕಾ
ನಾನು ಆಂಬುಲೆನ್ಸ್ ಹೊಡಿಯವ. ತಾಸಿನ ಮಾತು ಬಂದದ ಅಂತ ಹೇಳ್ತೀನಿ. ಕಲಬುರಗಿಯಿಂದ ಹೈದರಾಬಾದ್ 220 ಕಿಲೋಮೀಟರ್ ಆಸುಪಾಸು, ನಾಲ್ಕೈದು ತಾಸು. ಬೀದರಿನಿಂದ ಜಹೀರಾಬಾದ್ ಮ್ಯಾಲ ಹೋದ್ರ ಮೂರು ತಾಸು. ರೋಗಿಗೂ ಇದೇ ದಾರಿ. ದವಾಖಾನಿಯವರು ರಾತ್ರಿ ಎರಡಕ್ಕ ಫೋನ್ ಮಾಡಿ “ಈಗಿಂದೀಗ ಬರ್ರಿ” ಅಂತಾರ. ಗಾಡಿ ಯಾರದು, ರೊಕ್ಕ ಎಲ್ಲದ, ಫೈಲ್ ಎಲ್ಲದ ಅಂತ ಅವಾಗ ಹುಡುಕ್ತ ಕೂತ್ರ ಆಗಂಗಿಲ್ಲ. ಅಕ್ಕಾ, ಒಂದು ಚೀಲ ತಯಾರ ಇಟ್ಟಿರ್ರಿ. ರಿಪೋರ್ಟ್, ಆಧಾರ್, ಈಗ ತಗೊಳ್ಳೋ ಗುಳಿಗಿ. ಮನ್ಯಾಗಿನ ಎಲ್ಲಾರ ಫೋನ್ ರಾತ್ರಿ ಸೈಲೆಂಟ್ ಇರಬಾರದು. ಫೋನ್ ಬಂದ ಗಳಿಗ್ಯಾಗಿಂದ ಅಣ್ಣನಿಗೆ ಏನೂ ತಿನಿಸಬ್ಯಾಡ್ರಿ, ಅವರು ಹೇಳೋ ತನಕ.

ಬೀದರ ಸಿಸ್ಟರ್
ಚೀಲದ ಮಾತು ಬಂಗಾರ. ಹಳೆ ಲಿವರ್ ತೆಗಿಯೋದಕ್ಕೇ ತಾಸುಗಟ್ಟಲೆ ಬೇಕು. ಪೆಟ್ಟಿಗಿ ಇನ್ನೂ ದಾರಿಯಾಗ ಇರೋವಾಗಲೇ ಇಲ್ಲಿ ಹೊಟ್ಟಿ ತೆಗೆದಿರ್ತಾರ. ರೋಗಿ ತಡ ಮಾಡಿ ಬಂದ್ರ ಆ ತಡಾನೂ ಲಿವರ್‌ನ ಬರಫ್ ತಾಸಿಗೇ ಸೇರ್ತದ. ಮಂದಿ ರಸ್ತಿ ತಡ ಅಷ್ಟೇ ಎಣಿಸ್ತಾರ.

ಸುರಪುರ ಮಾಸ್ತರ
ಚಾಲಕ ಬಂಧುವಿನ ಲೆಕ್ಕವನ್ನು ತಿರುಗಿಸಿ ನೋಡಿ. ಕಲಬುರಗಿ, ಬೀದರ, ಯಾದಗಿರಿ ರಸ್ತೆಗಳಲ್ಲಿ ಹೆಲ್ಮೆಟ್ ಇಲ್ಲದೆ ತಲೆಗೆ ಪೆಟ್ಟು ಬಿದ್ದು ವೆಂಟಿಲೇಟರ್ ಮೇಲೆ ಕೊನೆಯಾಗುವ ಜೀವಗಳು ಎಷ್ಟು! ನಮ್ಮ ಮೂರೂ ಜಿಲ್ಲೆಗಳಲ್ಲಿ ಈಗ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. 2011ರ ಕಾನೂನು ತಿದ್ದುಪಡಿಯ ನಂತರ ಕಸಿ ಮಾಡದ ಆಸ್ಪತ್ರೆಯೂ ನೋಂದಣಿ ಮಾಡಿಸಿ ಅಂಗ ತೆಗೆಯುವ ಕೇಂದ್ರ ಆಗಬಹುದು. ಬ್ರೈನ್ ಡೆಡ್ ಅಂತ ಘೋಷಿಸಲು ನಾಲ್ವರು ವೈದ್ಯರ ತಂಡ ಬೇಕು, ಆರು ತಾಸಿನ ಅಂತರದಲ್ಲಿ ಎರಡು ಸಲ ಪರೀಕ್ಷೆ ಮಾಡಬೇಕು. ಇದಕ್ಕೆ ಕಟ್ಟಡ ಬೇಕಿಲ್ಲ, ತರಬೇತಿ ಮತ್ತು ಮನಸ್ಸು ಬೇಕು. ನಮ್ಮ ಭಾಗದವರು ಹೈದರಾಬಾದಿನ, ಬೆಂಗಳೂರಿನ ಪಟ್ಟಿಯಲ್ಲಿ ಕಾಯುತ್ತಾರೆ, ಆದರೆ ಆ ಪಟ್ಟಿಗೆ ನಮ್ಮ ಭಾಗದಿಂದ ಹೋಗುವ ಅಂಗಗಳು ಅತಿ ಕಡಿಮೆ. ಇದು ನನ್ನನ್ನು ಕಾಡುತ್ತದೆ.

ಹುಮನಾಬಾದ್ ನಾಕಾ
ಮಾಸ್ತರ, ಇಲ್ಲಿ ತೆಗೆದ ಲಿವರ್ ಮೊದಲು ನಮ್ಮ ರಾಜ್ಯದವರಿಗೇ ಅಲ್ಲೇನು? ಬೆಂಗಳೂರಿಗೆ ರಸ್ತಿ ಮ್ಯಾಲ 600 ಕಿಲೋಮೀಟರ್ ಹತ್ತಿರ. ಎಷ್ಟು ಜೋರು ಹೊಡೆದ್ರೂ ಎಂಟು ತಾಸು ದಾರಿಯಾಗೇ ಹೋಗ್ತಾವ.

ಸುರಪುರ ಮಾಸ್ತರ
ಹೌದು, ನಮ್ಮಲ್ಲಿ ಹಂಚಿಕೆ ನೋಡುವುದು ‘ಜೀವಸಾರ್ಥಕತೆ’, ಮೊದಲು ರಾಜ್ಯದೊಳಗೆ ಕೇಳುತ್ತಾರೆ. ತಗೊಳ್ಳುವವರಿಲ್ಲದಿದ್ದರೆ ಹೊರಗೆ. ರಸ್ತೆ ಕಷ್ಟ, ಅದಕ್ಕೇ ವಿಮಾನ. 2019ರಿಂದ ಕಲಬುರಗಿಯಲ್ಲಿ ವಿಮಾನ ನಿಲ್ದಾಣ ಇದೆ, ಬೀದರಿನಲ್ಲೂ ಇದೆ. ಬರಫ್ ಪೆಟ್ಟಿಗೆಯ ತಾಸು ಉದ್ದವಾದಷ್ಟೂ ನಮ್ಮಂಥ ದೂರದ ಜಿಲ್ಲೆಗೆ ಲಾಭ. ಮಷೀನ್ ವಿಷಯದಲ್ಲಿ ನನಗೆ ಕಾಣುವ ದೊಡ್ಡ ಆಸೆ ಇದು. ಬೆಚ್ಚಗಿನ ಮಷೀನ್ ಮೇಲೆ 24 ತಾಸಿನವರೆಗೆ ಇಡುತ್ತಾರೆ. ಜ್ಯೂರಿಕ್‌ನಲ್ಲಿ ಒಂದು ಲಿವರನ್ನು ಮೂರು ದಿನ ಮಷೀನ್ ಮೇಲೆ ಇಟ್ಟು, ಚಿಕಿತ್ಸೆ ಕೊಟ್ಟು, ಆಮೇಲೆ ಕಸಿ ಮಾಡಿದರು. ಒಂದು ವರ್ಷದ ನಂತರ ಆ ರೋಗಿ ಆರೋಗ್ಯವಾಗಿದ್ದ ವರದಿ 2022ರಲ್ಲಿ ಬಂತು.

ತೊಗರಿ ಕಣಜ
ಇದು ಒಪ್ಪೋ ಮಾತು. ಹಂಗಾದ್ರ ಮಷೀನ್ ಖರ್ಚು ಸರ್ಕಾರ ಹೊರಬೇಕು, ರೋಗಿ ಅಲ್ಲ. ದೂರದ ಜಿಲ್ಲಾದಾಗ ಹುಟ್ಟಿದ್ದು ನಮ್ಮ ತಪ್ಪಲ್ಲ. ಹಿಂದುಳಿದ ನಮ್ಮ ಭಾಗಕ್ಕ 371ಜೆ ಅಂತ ರೊಕ್ಕ ಬರ್ತದಲ್ಲ, ಅದರಾಗ ಇದಕ್ಕೊಂದು ಪಾಲು ಇಡ್ಲಿ. ಬಿಪಿಎಲ್ ಕಾರ್ಡ್ ಇದ್ದವರಿಗೆ ಕಸಿಗೆ ಏನಾದ್ರೂ ನೆರವು ಅದನಾ?

ಬೀದರ ಸಿಸ್ಟರ್
ಅದ. ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮೂಲಕ ಬಿಪಿಎಲ್‌ದವರಿಗೆ ಅಂಗಾಂಗ ಕಸಿ ಯೋಜನೆ ಅದ, ಟ್ರಸ್ಟ್ ಒಪ್ಪಿದ ದವಾಖಾನ್ಯಾಗ ಮಾಡಿಸಬೇಕು. ಅಕ್ಕಾ, ನೀವು ಹೈದರಾಬಾದಿನಾಗ ಹೆಸರು ಬರಸೀರಿ, ಅದಕ್ಕ ಇದು ಸಿಗ್ತದೋ ಇಲ್ಲೋ ಇವತ್ತೇ ಕೇಳ್ರಿ. 2023ರಾಗ ಕೇಂದ್ರ ಸರ್ಕಾರ ಯಾವ ರಾಜ್ಯದಾಗ ಬೇಕಾದ್ರೂ ಹೆಸರು ಬರಸಬಹುದು ಅಂತ ಮಾಡ್ಯದ, ಆದ್ರ ರಾಜ್ಯದವರು ತಮ್ಮ ಮಂದಿಗೆ ಮೊದಲು ಕೊಡೋದು ನಡದೇ ಅದ. ನಿಮ್ಮ ಸರದಿ ಹೆಂಗ ಬರ್ತದ ಅಂತ ತಿಳ್ಕೊಂಡು, ಬೆಂಗಳೂರು ಚೊಲೋನೋ ಹೈದರಾಬಾದ್ ಚೊಲೋನೋ ನೋಡ್ರಿ. ಬೆಂಗಳೂರಿನಾಗ ವಿಕ್ಟೋರಿಯಾ ಆವರಣದಾಗ ಸರ್ಕಾರಿ ಕಸಿ ಸಂಸ್ಥೆನೂ ಅದ.

ಬಸವಕಲ್ಯಾಣದ ಸೊಸಿ
ನಾನು ನನ್ನ ಗಂಡಗ ಲಿವರ್‌ದ ಬಲಭಾಗ ಕೊಟ್ಟಾಕಿ. ಕೊಟ್ಟಿದ್ದಕ್ಕ ನನಗ ಸಮಾಧಾನ ಅದ, ಆದ್ರ ಒಂದು ಮಾತು ಹೇಳ್ಲೇಬೇಕು. ನಾನು ಪರೀಕ್ಷಾಕ್ಕ ಹೋದಾಗ ಸಾಲಿನಾಗ ಕೂತವರು ಹೆಂಡ್ತಿ, ಅವ್ವ, ಅಕ್ಕ, ಇವರೇ. ಗಂಡಸರು ರೊಕ್ಕ ಕಟ್ಟೋ ಕಿಟಕಿ ಮುಂದ. ನಾಲ್ಕು ತಿಂಗಳಿಗೆ ಲಿವರ್ ಬೆಳೀತದ ಅಂತ ಎಲ್ಲಾರೂ ಹೇಳ್ತಾರ, ಬೆಳದದ ಖರೆ. ಆದ್ರ ಜೀವಂತ ದಾನಿಗೂ ಅಪಾಯ ಅದ, ಕಮ್ಮಿ ಇದ್ರೂ ಅದ. ನಮ್ಮ ದೇಶದಾಗ ಲಿವರ್ ಕಸಿ ಹೆಚ್ಚಾಗಿ ಜೀವಂತ ದಾನಿಯಿಂದಾನೇ. ಸತ್ತವರ ಲಿವರ್ ಮಣ್ಣಿಗೆ ಹೋಗೋದು ಕಮ್ಮಿ ಆದ್ರ ಎಷ್ಟೋ ಹೆಣ್ಮಕ್ಕಳು ಹೊಟ್ಟಿ ಕೊಯ್ಸಿಕೊಳ್ಳೋದು ತಪ್ತದ. ಪೆಟ್ಟಿಗಿ, ಮಷೀನ್ ಅಂದ್ರ ನನಗ ಕಾಣೋದು ಅದು.

ಸೇಡಂ ರಸ್ತೆ
ಅಕ್ಕಾ, ನಿಮ್ಮ ಈ ಮಾತು ನಮ್ಮ ಕಾಲೇಜಿನಲ್ಲಿ ಯಾರೂ ಹೇಳಿರಲಿಲ್ಲ.

ಚಿಂಚೋಳಿ ಹುಡುಗ
ಕೋಮಾದಾಗ ಇದ್ದವರು ಎದ್ದು ಬಂದಿದ್ದು ಕೇಳೀವಲ್ಲ. ಬ್ರೈನ್ ಡೆಡ್ ಅಂತ ತೆಗೆದುಬಿಟ್ರ?

ಬೀದರ ಸಿಸ್ಟರ್
ಕೋಮಾ ಬ್ಯಾರೆ, ಬ್ರೈನ್ ಡೆಡ್ ಬ್ಯಾರೆ. ಕೋಮಾದಾಗ ಮೆದುಳಿನ ಕಾಂಡ ಕೆಲಸ ಮಾಡ್ತಿರ್ತದ. ಬ್ರೈನ್ ಡೆಡ್‌ದಾಗ ಕಣ್ಣಿಗೆ ಬೆಳಕು ಬಿಟ್ರ ಕಣ್ಣಿನ ಪಾಪೆ ಕುಗ್ಗಂಗಿಲ್ಲ, ವೆಂಟಿಲೇಟರ್ ನಿಲ್ಲಿಸಿ ನೋಡಿದ್ರ ಒಂದು ಉಸಿರೂ ತಾನಾಗಿ ಬರಂಗಿಲ್ಲ. ಪರೀಕ್ಷಾ ಮಾಡೋ ನಾಲ್ವರೊಳಗ ಕಸಿ ಮಾಡೋ ಡಾಕ್ಟರ್ ಇರಂಗಿಲ್ಲ. 2021ರಾಗ ನಟ ಸಂಚಾರಿ ವಿಜಯ್ ಅವರದ್ದು ಹಿಂಗೇ ಆಗಿ, ಮನಿಯವರು ಒಪ್ಪಿ ಅಂಗ ದಾನ ಮಾಡಿದ್ರು.

ಆಳಂದದ ಅಕ್ಕ
ಎಲ್ಲಾ ಓದೀನಿ. ಅಣ್ಣ ಪಟ್ಟಿಯಾಗ ಇರ್ತೀನಿ ಅಂದಾನ. ಮಷೀನ್ ಬಗ್ಗೆ ಸರ್ಜನ್ ಲಿವರ್ ನೋಡಿ ಹೇಳಿದ್ರ ಹಚ್ಚಸ್ತೀವಿ, ಸುಮ್ಮ ಅಲ್ಲ. ಇನ್ನೊಂದು ಸಂಶಯ ಅದ. ಹೊಸ ಲಿವರ್‌ಗೂ ಹೆಪಟೈಟಿಸ್ ಬಿ ಮತ್ತ ಬರ್ತದನಾ?

ಸೇಡಂ ರಸ್ತೆ
ಬಿಟ್ಟರೆ ಬರುತ್ತೆ, ವೈರಸ್ ದೇಹದಲ್ಲಿ ಅಡಗಿರುತ್ತೆ. ಎಂಟೆಕಾವಿರ್ ಅಥವಾ ಟೆನೊಫೊವಿರ್ ಗುಳಿಗೆ ಜೀವನಪೂರ್ತಿ ಬೇಕು, ಕೆಲವರಿಗೆ ಇಮ್ಯುನೊಗ್ಲಾಬ್ಯುಲಿನ್ ಚುಚ್ಚುಮದ್ದೂ ಕೊಡ್ತಾರೆ. ಸರಿಯಾಗಿ ತಗೊಂಡವರಲ್ಲಿ ಮತ್ತೆ ಬರೋದು ಅಪರೂಪ. ಹೆಪಟೈಟಿಸ್ ಬಿ ಇಂದ ಕಸಿ ಆದವರ ದೀರ್ಘಕಾಲದ ಫಲಿತಾಂಶ ಈಗ ಒಳ್ಳೆಯ ಗುಂಪಿನಲ್ಲೇ ಇದೆ. ಲಸಿಕೆಗಳ ಪಟ್ಟಿಯನ್ನು ಈಗಲೇ ಡಾಕ್ಟರ್ ಹತ್ತಿರ ಕೇಳಿ, ಜೀವಂತ ವೈರಸ್ ಇರುವ ಲಸಿಕೆ ಕಸಿ ಆದ ಮೇಲೆ ಕೊಡೋ ಹಾಗಿಲ್ಲ.

ಒಂದು ಪ್ರಶ್ನೆ ನಿಮಗೆ. ಅಣ್ಣನ ಮಕ್ಕಳು, ಅತ್ತಿಗೆ, ನೀವು, ನಿಮ್ಮ ಅವ್ವ, ಎಲ್ಲರೂ ಹೆಪಟೈಟಿಸ್ ಬಿ ಪರೀಕ್ಷೆ ಮಾಡಿಸಿದ್ದೀರಾ?

ಆಳಂದದ ಅಕ್ಕ
ಕೊಡ್ಲಿಕ್ಕೆ ಹೋದಾಗ ನನ್ನದೂ ಅತ್ತಿಗೀದೂ ಆಗ್ಯದ. ಮಕ್ಕಳದ್ದು, ಅವ್ವಂದು, ತಮ್ಮಂದು ಮಾಡಸಿಲ್ಲ.

ಸೇಡಂ ರಸ್ತೆ
ಅದನ್ನು ಮೊದಲು ಮಾಡಿಸಿ. ಈ ವೈರಸ್ ನಮ್ಮಲ್ಲಿ ಹೆರಿಗೆ ಸಮಯದಲ್ಲಿ ತಾಯಿಯಿಂದ ಮಗುವಿಗೆ, ಇಲ್ಲವೇ ಚಿಕ್ಕಂದಿನಲ್ಲಿ ಮನೆಯೊಳಗೇ ಬಂದಿರೋದು ಸಾಮಾನ್ಯ, ಹಾಗಾಗಿ ಅವ್ವ ಮತ್ತು ತಮ್ಮ ಬಿಡಬೇಡಿ. 2018ರಿಂದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆಯೂ ಗುಳಿಗೆಯೂ ಉಚಿತ. ಜಿಲ್ಲಾ ಆಸ್ಪತ್ರೆಯಲ್ಲಿ ಎಚ್‌ಬಿಎಸ್‌ಎಜಿ ಪರೀಕ್ಷೆ ಅಂತ ಕೇಳಿ. ಇಲ್ಲ ಅಂತ ಬಂದವರಿಗೆ ಮೂರು ಡೋಸ್ ಲಸಿಕೆ. ಇದೆ ಅಂತ ಬಂದರೆ ಹೆದರಬೇಡಿ, ಲಿವರ್ ಕೆಡುವ ಮುಂಚೆ ಗುಳಿಗೆ ಸುರು ಮಾಡಿದರೆ ಸಿರೋಸಿಸ್‌ಗೆ ಹೋಗೋದನ್ನ ಬಹುಮಟ್ಟಿಗೆ ತಡೀಬಹುದು.

ಆಳಂದದ ಅಕ್ಕ
ಸೋಮವಾರ ಎಲ್ಲಾರನ್ನೂ ಕರ್ಕೊಂಡು ಹೋಗ್ತೀನಿ. ಹಸದ ಹೊಟ್ಟ್ಯಾಗ ಹೋಗಬೇಕೇನು?

ಬೀದರ ಸಿಸ್ಟರ್
ಏನೂ ಬ್ಯಾಡ, ನಾಷ್ಟಾ ಮಾಡ್ಕೊಂಡೇ ಹೋಗ್ರಿ. ಎಲ್ಲಾರ ಆಧಾರ್ ತಗೊಂಡು ಹೋಗ್ರಿ, ಅಣ್ಣನ ರಿಪೋರ್ಟಿನ ಝೆರಾಕ್ಸೂ ಇರಲಿ.